ಕೋಲಾರದಲ್ಲಿ ಕುಳಿತು ಥಾಯ್ಲೆಂಡಿನ ಮರಗೆಣಸು ಮಾರುಕಟ್ಟೆಯನ್ನು ಓದುವ ಬಗೆ

ಬೆಲೆಯ ಏರಿಳಿತ ಎಂದರೇನು ಎಂಬುದನ್ನು ಕೋಲಾರ ಜಿಲ್ಲೆಯ ರೈತರಿಗೆ ಯಾರೂ ಕಲಿಸಬೇಕಾಗಿಲ್ಲ. ಎಪಿಎಂಸಿ ಅಂಗಳದಲ್ಲಿ ಬೆಳಗಿನ ಹೊತ್ತು ನಿಂತ ಟೊಮೆಟೊ ಗಾಡಿಗಳನ್ನು ಒಮ್ಮೆ ನೋಡಿದರೆ ಸಾಕು, ಅಂದಿನ ಹರಾಜು ಎಲ್ಲಿಗೆ ಮುಟ್ಟೀತೆಂದು ಹೇಳಬಲ್ಲವರು ನಮ್ಮ ಹಳ್ಳಿಹಳ್ಳಿಯಲ್ಲಿದ್ದಾರೆ. ಆದರೆ ಬಂಗಾರಪೇಟೆ, ಮಾಲೂರು ಕಡೆಯ ಹೊಲಗಳಿಗೆ ಗಡಿಯಾಚೆಯಿಂದ ಮಧ್ಯವರ್ತಿಗಳು ಬಂದು ‘ಮರಗೆಣಸು ನಾಟಿ ಮಾಡಿ, ಹತ್ತು ತಿಂಗಳ ಮೇಲೆ ನಾವೇ ಕೊಳ್ಳುತ್ತೇವೆ’ ಎಂದಾಗ ಈ ಅನುಭವ ಕೈಕೊಡುತ್ತದೆ. ಮರಗೆಣಸಿನ ಬೆಲೆಯನ್ನು ಕೂಡಿಸಿ ಕಳೆಯುವ ಆವಕ ನಮ್ಮ ಕಣ್ಣಿಗೆ ಬೀಳುವ ಯಾವ ಮಂಡಿಯಲ್ಲೂ ಇರುವುದಿಲ್ಲ. ಅದರ ದೊಡ್ಡ ಭಾಗ ಥಾಯ್ಲೆಂಡಿನ ಈಶಾನ್ಯ ಬಯಲಿನಲ್ಲಿ, ಇನ್ನೂ ಮಣ್ಣಿನೊಳಗೇ ಇರುತ್ತದೆ.

ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಆ ದೂರದ ಆವಕವನ್ನು ಅಳೆಯುವುದು ಹೇಗೆ, ಅದನ್ನು ನಮ್ಮ ಹೊಲದ ಬದುವಿನ ದರಕ್ಕೆ ಇಳಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಬೆಳೆಗಾರರಿಗೆ ಮಾತ್ರವಲ್ಲ, ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಿಗೆ ರಟ್ಟಿನ ಪೆಟ್ಟಿಗೆ ಮತ್ತು ಅಂಟು ಒದಗಿಸುವ ಸಣ್ಣ ಉದ್ದಿಮೆದಾರರಿಗೂ, ಸಬ್ಬಕ್ಕಿ ಸಂಡಿಗೆ ಮಾಡುವ ಮಹಿಳಾ ಸಂಘಗಳಿಗೂ ಇದೇ ಲೆಕ್ಕ ಉಪಯೋಗಕ್ಕೆ ಬರುತ್ತದೆ, ಏಕೆಂದರೆ ಅಂಟಿಗೂ ಸಬ್ಬಕ್ಕಿಗೂ ಮರಗೆಣಸಿನ ಪಿಷ್ಟ ಬಳಕೆಯಾಗುತ್ತದೆ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಜಗತ್ತಿನಲ್ಲಿ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ ಥಾಯ್ಲೆಂಡ್ ಅಲ್ಲ, ನೈಜೀರಿಯಾ. ಅಲ್ಲಿ ವರ್ಷಕ್ಕೆ ಸುಮಾರು 6 ಕೋಟಿ ಟನ್ ಗೆಡ್ಡೆ ಬೆಳೆಯುತ್ತಾರೆ, ಆದರೆ ಅದು ಬಹುಪಾಲು ಅವರ ಊಟದ ತಟ್ಟೆಯಲ್ಲೇ ಮುಗಿದುಹೋಗುತ್ತದೆ. ಥಾಯ್ಲೆಂಡಿನ ಬೆಳೆ ಅದರ ಅರ್ಧದಷ್ಟು, ಸುಮಾರು 3 ಕೋಟಿ ಟನ್. ಅಲ್ಲಿನ ಜನರ ಮುಖ್ಯ ಆಹಾರ ಅಕ್ಕಿ. ಮರಗೆಣಸನ್ನು ಅವರು ಬೆಳೆಯುವುದು ಮಾರುವುದಕ್ಕೆ. ಹೀಗಾಗಿ ಬೆಳೆಯ ದೊಡ್ಡ ಪಾಲು ಒಣ ಚಿಪ್ಸ್, ಪಿಷ್ಟ, ಮಾರ್ಪಡಿಸಿದ ಪಿಷ್ಟ ಇವುಗಳ ರೂಪದಲ್ಲಿ ಹಡಗು ಹತ್ತುತ್ತದೆ. ನಮ್ಮ ದೇಶದ್ದು ಇನ್ನೊಂದು ಬಗೆ. ಎಕರೆವಾರು ಇಳುವರಿಯಲ್ಲಿ ಭಾರತ ಥಾಯ್ಲೆಂಡಿಗಿಂತ ಬಹಳ ಮುಂದಿದೆ: ನಮ್ಮ ಸರಾಸರಿ ಹೆಕ್ಟೇರಿಗೆ 35 ಟನ್ನಿನ ಆಸುಪಾಸಿನಲ್ಲಿದ್ದರೆ ಅವರದು 20ರಿಂದ 23 ಟನ್. ಆದರೂ ಕೇರಳದ ಅಡುಗೆಮನೆ ಮತ್ತು ಸೇಲಂ ಸೀಮೆಯ ಸಬ್ಬಕ್ಕಿ ಕಾರ್ಖಾನೆಗಳು ನಮ್ಮ ಬೆಳೆಯನ್ನು ನುಂಗಿಬಿಡುತ್ತವೆ. ಜಾಗತಿಕ ಬೆಲೆಯನ್ನು ಕದಲಿಸುವುದು ಎಷ್ಟು ಬೆಳೆಯಿತು ಎಂಬುದಲ್ಲ, ಬಂದರಿಗೆ ಎಷ್ಟು ಬಂತು ಎಂಬುದು. ಆದ್ದರಿಂದ ವಿಶ್ವದ ಒಟ್ಟು ಉತ್ಪಾದನೆಯ ಅಂಕಿಗಳನ್ನು ನೋಡುತ್ತ ಕೂರುವುದರಿಂದ ರೈತನಿಗೆ ಏನೂ ಸಿಗುವುದಿಲ್ಲ.

ಥಾಯ್ಲೆಂಡ್ ಈ ಸ್ಥಾನಕ್ಕೆ ಬಂದ ಬಗೆಯನ್ನು ತಿಳಿದರೆ ಅದರ ಬೆಲೆ ಯಾವ ಕಾರಣಕ್ಕೆ ಕುಸಿಯುತ್ತದೆ ಎಂಬುದೂ ತಿಳಿಯುತ್ತದೆ. 1958ರಲ್ಲಿ ಅಮೆರಿಕದ ನೆರವಿನಿಂದ ಸರಾಬುರಿಯಿಂದ ಕೋರಾತ್‌ವರೆಗೆ ಮಿತ್ರಫಾಪ್ ಹೆದ್ದಾರಿ ತೆರೆದುಕೊಂಡಿತು. ಆ ಹೆದ್ದಾರಿಯ ಹೆಸರಿನ ಅರ್ಥ ಮೈತ್ರಿ. ಮರಳು ಮಿಶ್ರಿತ, ಸತ್ವ ಕಡಿಮೆಯ, ಮಳೆಯನ್ನೇ ನಂಬಿದ ಇಸಾನ್ ಎಂಬ ಈಶಾನ್ಯ ಪ್ರದೇಶದ ಮಣ್ಣಿಗೆ ಅದರಿಂದ ಬಂದರಿನ ದಾರಿ ಸಿಕ್ಕಿತು. 1960ರ ದಶಕದಲ್ಲಿ ಇಂದಿನ ಯೂರೋಪಿಯನ್ ಒಕ್ಕೂಟದ ಪೂರ್ವರೂಪವಾದ ಯೂರೋಪಿನ ಸಮುದಾಯ ತನ್ನ ರೈತರನ್ನು ಕಾಪಾಡಲು ಹೊರಗಿನ ಧಾನ್ಯದ ಮೇಲೆ ಭಾರಿ ಸುಂಕ ಹೇರಿತ್ತು, ಆದರೆ ಮರಗೆಣಸಿನ ಮೇಲಿನ ಸುಂಕವನ್ನು ಕೇವಲ ಶೇ. 6ಕ್ಕೆ ಮಿತಿಗೊಳಿಸುವುದಾಗಿ ವ್ಯಾಪಾರ ಒಪ್ಪಂದದಲ್ಲಿ ಮಾತು ಕೊಟ್ಟುಬಿಟ್ಟಿತ್ತು. ಡಚ್ಚರ ಮತ್ತು ಜರ್ಮನರ ಹಂದಿ ಸಾಕಣೆಗಾರರು ದುಬಾರಿ ಧಾನ್ಯ ಬಿಟ್ಟು ಒಣ ಮರಗೆಣಸನ್ನು ಒತ್ತಿ ಮಾಡಿದ ಗುಳಿಗೆಗೆ ಸೋಯಾ ಹಿಂಡಿ ಬೆರೆಸಿ ತಿನ್ನಿಸತೊಡಗಿದರು. ರೊಟರ್‌ಡ್ಯಾಮ್ ಬಂದರಿನ ಬೇಡಿಕೆಯನ್ನು ಪೂರೈಸಲು ಇಸಾನಿನ ಕಾಡಂಚಿನವರೆಗೂ ಮರಗೆಣಸು ಹಬ್ಬಿತು. 1982ರಲ್ಲಿ ಯೂರೋಪ್ ಥಾಯ್ಲೆಂಡಿನೊಡನೆ ಒಪ್ಪಂದ ಮಾಡಿಕೊಂಡು ರಫ್ತಿಗೆ ಮಿತಿ ಹಾಕಿತು. 1992ರ ಕೃಷಿ ನೀತಿ ಸುಧಾರಣೆಯಲ್ಲಿ ಯೂರೋಪಿನ ಧಾನ್ಯದ ಬೆಲೆಯನ್ನೇ ಇಳಿಸಲಾಯಿತು. ಧಾನ್ಯ ಅಗ್ಗವಾದೊಡನೆ ಗುಳಿಗೆಯ ವ್ಯಾಪಾರ ಕರಗತೊಡಗಿತು. ಬರಗಾಲ ಬರಲಿಲ್ಲ, ರೋಗ ಬರಲಿಲ್ಲ, ಒಂದು ಕಾಗದದ ಮೇಲಿನ ನೀತಿ ಬದಲಾಯಿತು, ಅಷ್ಟೆ. ಈ ಕಥೆಯನ್ನು ನಾನು ನಮ್ಮ ಭಾಗದ ರೈತರಿಗೆ ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ಅದು ಚೀನಾದೊಡನೆ ಇನ್ನೊಮ್ಮೆ ನಡೆದಿದೆ.

2003ರ ಅಕ್ಟೋಬರಿನಲ್ಲಿ ಥಾಯ್ಲೆಂಡ್ ಮತ್ತು ಚೀನಾ ಹಣ್ಣು, ತರಕಾರಿಗಳ ಮೇಲಿನ ಸುಂಕವನ್ನು ಪರಸ್ಪರ ತೆಗೆದುಹಾಕಿದವು. ಸುಂಕದ ಪಟ್ಟಿಯಲ್ಲಿ ಮರಗೆಣಸಿನ ಚಿಪ್ಸ್ ತರಕಾರಿಗಳ ಅಧ್ಯಾಯದಲ್ಲೇ ಬರುವುದರಿಂದ ಅದಕ್ಕೂ ಆ ಲಾಭ ದೊರೆಯಿತು. ಚೀನಾದ ಮದ್ಯಸಾರದ ಕಾರ್ಖಾನೆಗಳು ದೊಡ್ಡ ಗ್ರಾಹಕರಾದವು. ಅಲ್ಲಿನ ಸರ್ಕಾರ ತನ್ನ ರೈತರ ಮೆಕ್ಕೆಜೋಳವನ್ನು ಹೆಚ್ಚಿನ ಬೆಲೆಗೆ ಕೊಂಡು ದಾಸ್ತಾನು ಮಾಡುತ್ತಿದ್ದಷ್ಟು ಕಾಲ ಕಾರ್ಖಾನೆಗಳಿಗೆ ಥಾಯ್ ಚಿಪ್ಸೇ ಅಗ್ಗವಾಗಿತ್ತು. 2016ರಲ್ಲಿ ಆ ಖರೀದಿ ಪದ್ಧತಿ ನಿಂತಿತು, ಚೀನಾದ ಮೆಕ್ಕೆಜೋಳ ಇಳಿಯಿತು, ಚಿಪ್ಸಿನ ಬೇಡಿಕೆಯೂ ಅದರ ಹಿಂದೆಯೇ ಬಿತ್ತು. ಹಾಗಾಗಿ ನೀವು ಗಮನಿಸಬೇಕಾದ ಮೊದಲ ಸುದ್ದಿ ಚೀನಾದ ಮೆಕ್ಕೆಜೋಳದ ಬೆಲೆಯೇ ಹೊರತು ಥಾಯ್ಲೆಂಡಿನ ಮಳೆಯಲ್ಲ. ಅಲ್ಲಿ ಮೆಕ್ಕೆಜೋಳ ತಿಂಗಳುಗಟ್ಟಲೆ ಇಳಿಮುಖವಾಗಿದ್ದರೆ, ಥಾಯ್ ಬೆಳೆ ಕಡಿಮೆಯಾಗಿದ್ದರೂ ಪಿಷ್ಟದ ಬೆಲೆ ಹೆಚ್ಚು ಏರಲಾರದು ಎಂದು ಲೆಕ್ಕ ಹಾಕಿ.

ಇನ್ನು ಥಾಯ್ಲೆಂಡಿನ ಕ್ಯಾಲೆಂಡರ್. ನಖೋನ್ ರಾಚಸೀಮಾ, ಅಂದರೆ ಕೋರಾತ್, ಆ ದೇಶದ ಅತಿ ದೊಡ್ಡ ಮರಗೆಣಸು ಪ್ರಾಂತ್ಯ. ಅಲ್ಲಿ ಕೀಳುವ ಭರಾಟೆ ನವೆಂಬರ್, ಡಿಸೆಂಬರ್ ಹೊತ್ತಿಗೆ ಶುರುವಾಗಿ ಮಾರ್ಚ್, ಏಪ್ರಿಲ್‌ವರೆಗೆ ನಡೆಯುತ್ತದೆ. ಈ ತಿಂಗಳುಗಳಲ್ಲಿ ಗೆಡ್ಡೆಯ ಬೆಲೆ ಸಾಮಾನ್ಯವಾಗಿ ಒತ್ತಡದಲ್ಲಿರುತ್ತದೆ. ಮಳೆಗಾಲದಲ್ಲಿ ಆವಕ ಕಡಿಮೆಯಾಗುತ್ತದೆ, ಗೆಡ್ಡೆಯಲ್ಲಿನ ಪಿಷ್ಟದ ಅಂಶವೂ ಇಳಿಯುತ್ತದೆ. ಆದರೆ ಮರಗೆಣಸಿಗೆ ಟೊಮೆಟೊಗಿಲ್ಲದ ಒಂದು ಗುಣವಿದೆ. ಬೆಲೆ ಹಿಡಿಸದಿದ್ದರೆ ಥಾಯ್ ರೈತ ಅದನ್ನು ಕೀಳದೆ ಇನ್ನೂ ಕೆಲವು ತಿಂಗಳು ಮಣ್ಣಿನಲ್ಲೇ ಬಿಡಬಲ್ಲ. ಅವನಿಗೆ ನೆಲವೇ ಗೋದಾಮು. ಬೆಲೆ ಏರಿದರೆ ಎಂಟೇ ತಿಂಗಳಿಗೆ ಕಿತ್ತುಬಿಡಲೂಬಹುದು. ಒಂದು ವರ್ಷ ಅವಸರದಲ್ಲಿ ಕಿತ್ತ ಗೆಡ್ಡೆ ಮುಂದಿನ ವರ್ಷದ ಆವಕದಲ್ಲಿ ಇರುವುದಿಲ್ಲ, ಒಂದು ವರ್ಷ ಬಿಟ್ಟ ಗೆಡ್ಡೆ ಮುಂದಿನ ವರ್ಷ ಇನ್ನಷ್ಟು ಭಾರವಾಗಿ ಬಂದು ಕೂರುತ್ತದೆ. ‘ಈ ವರ್ಷ ಥಾಯ್ಲೆಂಡಿನಲ್ಲಿ ಗೆಡ್ಡೆ ಕಡಿಮೆ ಬಂದಿದೆಯಂತೆ’ ಎಂದು ಮಧ್ಯವರ್ತಿ ಹೇಳಿದರೆ, ಬೆಳೆಯೇ ಹೋಯಿತೋ ಅಥವಾ ನೆಲದಲ್ಲಿ ಕಾಯುತ್ತಿದೆಯೋ ಎಂದು ಮರುಪ್ರಶ್ನೆ ಹಾಕಿ. ಎರಡಕ್ಕೂ ಅಜಗಜಾಂತರವಿದೆ.

ಬೆಳೆಯೇ ಹೋಗುವುದಕ್ಕೆ ಎರಡು ದೊಡ್ಡ ಕಾರಣಗಳನ್ನು ನಾವು ಕಂಡಿದ್ದೇವೆ. ಗಿಡದ ರಸ ಹೀರುವ ಹಿಟ್ಟುತಿಗಣೆ 2008ರ ಹೊತ್ತಿಗೆ ಥಾಯ್ಲೆಂಡನ್ನು ಹೊಕ್ಕಿತು, 2010ರ ಬೆಳೆ ಹಿಂದಿನ ವರ್ಷದ ಸುಮಾರು 3 ಕೋಟಿ ಟನ್ನಿನಿಂದ 2.2 ಕೋಟಿ ಟನ್ನಿನ ಮಟ್ಟಕ್ಕೆ ಇಳಿಯಿತು. ಆಫ್ರಿಕಾದ ಬೆನಿನ್ ದೇಶದಿಂದ ಅನಾಗೈರಸ್ ಲೊಪೆಜಿ ಎಂಬ ಸಣ್ಣ ಕಣಜವನ್ನು ತಂದು ಬಿಟ್ಟ ಮೇಲೆ ಅದು ಹತೋಟಿಗೆ ಬಂತು. ಅದೇ ತಿಗಣೆ 2020ರಲ್ಲಿ ಕೇರಳದಲ್ಲಿ ಕಂಡು, ಬಳಿಕ ತಮಿಳುನಾಡಿಗೂ ಹರಡಿದಾಗ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಬೆನಿನ್‌ನಿಂದಲೇ ಆ ಕಣಜವನ್ನು ತರಿಸಿ 2022ರಲ್ಲಿ ಸೇಲಂ ಜಿಲ್ಲೆಯ ಯೇತಾಪುರದ ಸಂಶೋಧನಾ ಕೇಂದ್ರದಿಂದ ಬಿಡುಗಡೆ ಆರಂಭಿಸಿತು. ಎರಡನೆಯದು ಬಿಳಿನೊಣ ಮತ್ತು ಸೋಂಕಿತ ಕಡ್ಡಿಗಳಿಂದ ಹರಡುವ ಮೊಸಾಯಿಕ್ ರೋಗ. ಅದು ಕಾಂಬೋಡಿಯಾದಲ್ಲಿ 2015ರಲ್ಲಿ ಪತ್ತೆಯಾಗಿ, 2018ರಲ್ಲಿ ಥಾಯ್ಲೆಂಡ್ ಮುಟ್ಟಿತು. ತಿಗಣೆ ಒಂದೆರಡು ವರ್ಷದ ಹೊಡೆತ. ಮೊಸಾಯಿಕ್ ಹಾಗಲ್ಲ, ಬಿತ್ತನೆಯ ಕಡ್ಡಿಯೊಳಗೇ ಕುಳಿತು ವರ್ಷ ವರ್ಷವೂ ಇಳುವರಿ ಕಡಿಯುತ್ತದೆ. ರೋಗದ ಸುದ್ದಿ ಬಂದಾಗ ಈ ವ್ಯತ್ಯಾಸವನ್ನು ಮನಸ್ಸಿನಲ್ಲಿಡಬೇಕು.

ನೆರೆಯ ದೇಶಗಳನ್ನೂ ಮರೆಯುವಂತಿಲ್ಲ. ವಿಯೆಟ್ನಾಂ ಎರಡನೆಯ ದೊಡ್ಡ ರಫ್ತುದಾರ. ಥಾಯ್ಲೆಂಡಿನ ಕಸೆಟ್ಸಾರ್ಟ್ ವಿಶ್ವವಿದ್ಯಾಲಯ 1992ರಲ್ಲಿ ಬಿಡುಗಡೆ ಮಾಡಿದ ಕಸೆಟ್ಸಾರ್ಟ್ 50 ತಳಿಯೇ ವಿಯೆಟ್ನಾಮಿನಲ್ಲಿ ಬೇರೆ ಹೆಸರಿನಿಂದ ಹೊಲ ತುಂಬಿತು. ಕಾಂಬೋಡಿಯಾ ಮತ್ತು ಲಾವೋಸಿನ ಗೆಡ್ಡೆ, ಚಿಪ್ಸ್ ಗಡಿ ದಾಟಿ ಥಾಯ್ ಮತ್ತು ವಿಯೆಟ್ನಾಂ ಕಾರ್ಖಾನೆಗಳಿಗೆ ಹೋಗುತ್ತವೆ. ಥಾಯ್ಲೆಂಡಿನ ಬೆಳೆ ಸೋತ ಮಾತ್ರಕ್ಕೆ ಅದರ ರಫ್ತು ಅಷ್ಟೇ ಪ್ರಮಾಣದಲ್ಲಿ ಸೋಲುವುದಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಥಾಯ್ ಪಿಷ್ಟ ತಯಾರಕರ ಸಂಘ ವಾರಕ್ಕೊಮ್ಮೆ ದರ ಪ್ರಕಟಿಸುತ್ತದೆ: ಪಿಷ್ಟಕ್ಕೆ ಬಂದರಿನಲ್ಲಿ ಹಡಗಿಗೆ ಏರಿಸಿಕೊಡುವ ದರ ಟನ್ನಿಗೆ ಡಾಲರಿನಲ್ಲಿ, ಹಸಿ ಗೆಡ್ಡೆಗೆ ಕಿಲೋಗೆ ಥಾಯ್ ನಾಣ್ಯವಾದ ಬಾಟ್‌ನಲ್ಲಿ. ಗೆಡ್ಡೆಯ ದರವನ್ನು ಅಲ್ಲಿ ಶೇ. 25 ಪಿಷ್ಟಾಂಶದ ಆಧಾರದ ಮೇಲೆ ಹೇಳುವ ರೂಢಿ. ಒಂದು ವಾರದ ಅಂಕಿಯಿಂದ ಯಾವ ತೀರ್ಮಾನಕ್ಕೂ ಬರಬೇಡಿ. ಒಂದು ನೋಟ್‌ಬುಕ್ಕಿನಲ್ಲಿ ಕನಿಷ್ಠ ಒಂದು ಪೂರ್ತಿ ಸುಗ್ಗಿಯ ಅಂಕಿಗಳನ್ನು ಬರೆದಿಡಿ, ಪಕ್ಕದಲ್ಲಿ ಅಂದಿನ ಡಾಲರಿನ ರೂಪಾಯಿ ಬೆಲೆಯನ್ನೂ ಗುರುತಿಸಿ.

ಲೆಕ್ಕದ ಅನುಕೂಲಕ್ಕೆ ಪಿಷ್ಟದ ದರ ಟನ್ನಿಗೆ 450 ಡಾಲರ್, ಲೇಮ್ ಚಬಾಂಗ್ ಬಂದರಿನಿಂದ ಚೆನ್ನೈವರೆಗಿನ ಹಡಗು ಬಾಡಿಗೆ ಮತ್ತು ವಿಮೆ 50 ಡಾಲರ್, ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳಿ. 500 ಡಾಲರಿಗೆ 42,500 ರೂಪಾಯಿ, ಅಂದರೆ ಕಿಲೋಗೆ ₹42.50. ಬಂದರಿನ ಖರ್ಚು ಮತ್ತು ಲಾರಿ ಬಾಡಿಗೆಗೆ ₹3.50 ಸೇರಿಸಿದರೆ ಸುಂಕವಿಲ್ಲದೆ ನಮ್ಮ ಜಿಲ್ಲೆಗೆ ₹46ಕ್ಕೆ ಬಂದು ಬೀಳುತ್ತದೆ. ಸುಂಕ ಬೀಳುವುದು ₹42.50ರ ಮೇಲೆ, ಹಾಗಾಗಿ ಪ್ರತಿ ಶೇ. 10 ಸುಂಕಕ್ಕೆ ಕಿಲೋಗೆ ₹4.25 ಕೂಡುತ್ತದೆ, ಸುಂಕದ ಹತ್ತನೆಯ ಒಂದು ಭಾಗ ಸಮಾಜ ಕಲ್ಯಾಣ ಉಪಕರವಾಗಿ ಅದರ ಮೇಲೆ ಸೇರುತ್ತದೆ. ಮರಗೆಣಸಿನ ಪಿಷ್ಟದ ಸುಂಕ ಸಂಖ್ಯೆ 1108 14, ಸಬ್ಬಕ್ಕಿಯಂಥ ಕಾಳುಗಳದ್ದು 1903, ಮಾರ್ಪಡಿಸಿದ ಪಿಷ್ಟದ್ದು 3505, ಒಣ ಚಿಪ್ಸಿನದು 0714 10. ಈ ಸಂಖ್ಯೆಗಳನ್ನು ಕಸ್ಟಮ್ಸ್ ಏಜೆಂಟರಿಗೆ ಕೊಟ್ಟು ಅಂದಿನ ದರ ಕೇಳಬೇಕು, ಜೊತೆಗೆ 2010ರ ಜನವರಿಯಿಂದ ಜಾರಿಯಲ್ಲಿರುವ, ಆಗ್ನೇಯ ಏಷ್ಯಾದ ದೇಶಗಳ ಕೂಟ ಆಸಿಯಾನ್ ಜೊತೆಗಿನ ಒಪ್ಪಂದದಡಿ ಆ ಸಂಖ್ಯೆಗೆ ರಿಯಾಯಿತಿ ಇದೆಯೇ ಎಂದೂ ಕೇಳಬೇಕು. ರಿಯಾಯಿತಿ ಬೇಕಿದ್ದರೆ ಥಾಯ್ಲೆಂಡಿನಿಂದ ಮೂಲ ದೇಶದ ಪ್ರಮಾಣಪತ್ರ ಬರಲೇಬೇಕು. ತಾವೇ ತರಿಸುವವರಿಗೆ ಆಮದು-ರಫ್ತು ಸಂಕೇತ ಸಂಖ್ಯೆ ಬೇಕು, ತಿನ್ನುವ ಪದಾರ್ಥಕ್ಕಾದರೆ ಆಹಾರ ಸುರಕ್ಷತಾ ಪ್ರಾಧಿಕಾರದ ಅನುಮತಿಯೂ ಬೇಕು. ನಮ್ಮ ಭಾಗದವರಿಗೆ ವೈಟ್‌ಫೀಲ್ಡಿನ ಒಳನಾಡು ಕಂಟೇನರ್ ಡಿಪೋ ಹತ್ತಿರವಿರುವುದು ಒಂದು ಅನುಕೂಲ.

ಬೆಳೆಗಾರರು ಇದೇ ಲೆಕ್ಕವನ್ನು ತಿರುಗಿಸಿ ಮಾಡಬೇಕು. ಸುಂಕವಿಲ್ಲದ ₹46ನ್ನೇ ಹಿಡಿಯಿರಿ, ಏಕೆಂದರೆ ನೀತಿ ಬದಲಾದರೆ ಬೆಲೆ ಎಲ್ಲಿಯವರೆಗೆ ಇಳಿದೀತು ಎಂಬ ತಳವನ್ನು ಅದು ತೋರಿಸುತ್ತದೆ. ಕಾರ್ಖಾನೆಯ ಖರ್ಚು ಕಿಲೋ ಪಿಷ್ಟಕ್ಕೆ ₹9 ಎಂದುಕೊಂಡರೆ ₹37 ಉಳಿಯಿತು. ಒಂದು ಕಿಲೋ ಪಿಷ್ಟಕ್ಕೆ ಸುಮಾರು ನಾಲ್ಕೂವರೆ ಕಿಲೋ ಒಳ್ಳೆಯ ಗೆಡ್ಡೆ ಬೇಕು, 37ನ್ನು 4.5ರಿಂದ ಭಾಗಿಸಿದರೆ ಕಾರ್ಖಾನೆಯ ಬಾಗಿಲಲ್ಲಿ ಗೆಡ್ಡೆಗೆ ₹8.20. ಬಂಗಾರಪೇಟೆಯಿಂದ ಸೇಲಂ ಸೀಮೆಗೆ ಇನ್ನೂರು ಕಿಲೋಮೀಟರಿನ ಆಸುಪಾಸು. ಲಾರಿಗೆ ಕಿಲೋಗೆ ₹1.50 ಕಳೆದರೆ ಹೊಲದ ಬದುವಿನಲ್ಲಿ ₹6.70 ಸಿಗುತ್ತದೆ. ಎಕರೆಗೆ ಹತ್ತು ಟನ್ ಬಂದರೆ ₹67,000. ಅದರಲ್ಲಿ ಕೀಳುವ ಕೂಲಿ, ಬೋರ್‌ವೆಲ್ಲಿನ ಖರ್ಚು, ಗೊಬ್ಬರ ಎಲ್ಲವೂ ಮುಗಿಯಬೇಕು. ಈ ಅಂಕಿಗಳ ಜಾಗದಲ್ಲಿ ನಿಮ್ಮ ವಾರದ ನಿಜವಾದ ಅಂಕಿಗಳನ್ನು ಇಟ್ಟುಕೊಂಡು ಲೆಕ್ಕ ಮಾಡಿ. ತಳದ ಬೆಲೆಯಲ್ಲೂ ಅಸಲು ಹೊರಡುತ್ತದೆಯೇ? ಹೊರಡದಿದ್ದರೆ, ಖರೀದಿದಾರ ಒಪ್ಪಂದದಲ್ಲಿ ಕನಿಷ್ಠ ಬೆಲೆಯನ್ನು ಬರೆದುಕೊಡುವವರೆಗೆ ನಾಟಿ ಮಾಡಬೇಡಿ ಎಂಬುದು ನನ್ನ ಖಚಿತವಾದ ಸಲಹೆ.

ಪಿಷ್ಟ ಮತ್ತು ಸಬ್ಬಕ್ಕಿ ಒಂದೇ ಗೆಡ್ಡೆಯಿಂದ ಬಂದರೂ ಅವುಗಳ ಬೆಲೆ ಬೇರೆ ಬೇರೆ ದಾರಿ ಹಿಡಿಯುತ್ತದೆ. ಪಿಷ್ಟಕ್ಕೆ ಥಾಯ್ ಸರಕಿನ ಜೊತೆಗೆ ನಮ್ಮದೇ ಮೆಕ್ಕೆಜೋಳದ ಪಿಷ್ಟವೂ ಪ್ರತಿಸ್ಪರ್ಧಿ. ಆದ್ದರಿಂದ ದಾವಣಗೆರೆಯ ಮೆಕ್ಕೆಜೋಳದ ಮಂಡಿ ದರವನ್ನೂ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಸಬ್ಬಕ್ಕಿಯ ದೊಡ್ಡ ಗ್ರಾಹಕರು ಮಹಾರಾಷ್ಟ್ರ, ಗುಜರಾತ್, ಮಧ್ಯಪ್ರದೇಶದ ಉಪವಾಸದ ಮನೆಗಳು. ಶ್ರಾವಣ, ನವರಾತ್ರಿ, ಶಿವರಾತ್ರಿಗಳ ಮುಂಚೆ ಅಲ್ಲಿಂದ ಬೇಡಿಕೆ ಏಳುತ್ತದೆ, ಅದಕ್ಕೆ ಬ್ಯಾಂಕಾಕಿನ ಅಪ್ಪಣೆ ಬೇಕಿಲ್ಲ. ನಮ್ಮಲ್ಲಿ ಪಾಯಸಕ್ಕೂ ಜ್ವರದ ಮಕ್ಕಳ ಗಂಜಿಗೂ ಬಳಸುವ ಸಬ್ಬಕ್ಕಿ ತೀರ ಅಲ್ಪ. ಸೇಲಂನಲ್ಲಿ 1981ರಲ್ಲಿ ಹುಟ್ಟಿದ ತಯಾರಕರ ಸಹಕಾರ ಸಂಘ ಸ್ಯಾಗೋಸರ್ವ್ ಸಬ್ಬಕ್ಕಿ ಮತ್ತು ಪಿಷ್ಟ ಎರಡನ್ನೂ ಹರಾಜಿನಲ್ಲಿ ಮಾರಿಕೊಡುತ್ತದೆ. ಅಲ್ಲಿನ ಎರಡು ದರಗಳ ನಡುವಿನ ಅಂತರ ಹಿಗ್ಗುತ್ತಿದ್ದರೆ ಕಾರ್ಖಾನೆಗಳು ಸಬ್ಬಕ್ಕಿಯತ್ತ ವಾಲುತ್ತಿವೆ ಎಂದರ್ಥ. ನಿಮ್ಮ ಗೆಡ್ಡೆ ಯಾವ ಕಾರ್ಖಾನೆಗೆ ಹೋಗುತ್ತದೆ, ಅದು ಮುಖ್ಯವಾಗಿ ಏನು ತಯಾರಿಸುತ್ತದೆ ಎಂಬುದನ್ನು ಮೊದಲೇ ಕೇಳಿಕೊಂಡರೆ ಯಾವ ದರವನ್ನು ಹಿಂಬಾಲಿಸಬೇಕೆಂದು ತಿಳಿಯುತ್ತದೆ.

ಕಡೆಯದಾಗಿ ತೂಕ ಮತ್ತು ಪಾಯಿಂಟ್. ಸೇಲಂ, ನಾಮಕ್ಕಲ್ ಕಡೆಯ ವ್ಯಾಪಾರದಲ್ಲಿ ಗೆಡ್ಡೆಯ ಬೆಲೆಯನ್ನು ಪಿಷ್ಟದ ಪಾಯಿಂಟಿನ ಮೇಲೆ, ಅಂದರೆ ಗೆಡ್ಡೆಯಲ್ಲಿ ಎಷ್ಟು ಪಿಷ್ಟವಿದೆ ಎಂಬ ಅಳತೆಯ ಮೇಲೆ ಕಟ್ಟುತ್ತಾರೆ. ನಮ್ಮ ಎರಡು ಎಕರೆಯ ಮೊದಲ ಬೆಳೆಯಲ್ಲಿ ನಾವು ಪೆಟ್ಟು ತಿಂದದ್ದು ಇಲ್ಲಿಯೇ. ಕಿತ್ತ ಗೆಡ್ಡೆ ಲಾರಿ ಸಿಗದೆ ನಾಲ್ಕು ದಿನ ಬದುವಿನಲ್ಲಿ ಬಿದ್ದಿತ್ತು. ಒಳಗೆ ನೀಲಿ ಗೆರೆ ಕಟ್ಟಿತ್ತು. ಕಾರ್ಖಾನೆಯಲ್ಲಿ ಪಾಯಿಂಟ್ ಕಡಿದಾಗ ನಮ್ಮ ಕೈಯಲ್ಲಿ ಎದುರು ಹೇಳಲು ಯಾವ ಅಳತೆಯೂ ಇರಲಿಲ್ಲ. ಮರಗೆಣಸು ಕಿತ್ತ ಎರಡು ಮೂರು ದಿನಗಳಲ್ಲೇ ಕೆಡತೊಡಗುವುದರಿಂದ ಲಾರಿ ಬಂದು ನಿಂತ ಮೇಲೆಯೇ ಗುದ್ದಲಿ ಹಾಕಬೇಕು. ಅದಕ್ಕೂ ಮುನ್ನ ಪಿಷ್ಟವನ್ನು ನೀವೇ ಅಂದಾಜು ಮಾಡಬಹುದು. ಹೊಲದ ನಾಲ್ಕಾರು ಕಡೆಯಿಂದ ಆರಿಸಿದ ಗೆಡ್ಡೆಗಳ ಮಣ್ಣು ತೊಳೆದು, ತೊಟ್ಟು ಕತ್ತರಿಸಿ ಸರಿಯಾಗಿ 5 ಕಿಲೋ ತೂಗಿ. ಅದನ್ನೇ ಬಲೆಯ ಚೀಲದಲ್ಲಿ ತೂಗುತಕ್ಕಡಿಗೆ ನೇತುಹಾಕಿ, ಪೂರ್ತಿ ನೀರಿನಲ್ಲಿ ಮುಳುಗಿಸಿ, ಡ್ರಮ್ಮಿನ ತಳಕ್ಕೂ ಗೋಡೆಗೂ ತಾಗದಂತೆ ಮತ್ತೊಮ್ಮೆ ತೂಗಿ. ಪಿಷ್ಟ ಹೆಚ್ಚಿದ್ದಷ್ಟೂ ನೀರಿನೊಳಗಿನ ತೂಕ ಹೆಚ್ಚು. ಥಾಯ್ ಕಾರ್ಖಾನೆಗಳ ಬಾಗಿಲಲ್ಲಿ ಇರುವ ತಕ್ಕಡಿಯೂ ಇದೇ ತತ್ವದ ಮೇಲೆ 5 ಕಿಲೋ ಮಾದರಿಯಲ್ಲೇ ಕೆಲಸ ಮಾಡುತ್ತದೆ. ಹದಿನೈದು ದಿನಕ್ಕೊಮ್ಮೆ ಹೀಗೆ ತೂಗಿ ಬರೆದಿಟ್ಟರೆ ನೀರಿನೊಳಗಿನ ತೂಕ ಯಾವಾಗ ಏರುವುದನ್ನು ನಿಲ್ಲಿಸಿತು ಎಂಬುದು ಕಾಣುತ್ತದೆ. ಕೀಳಲು ಅದೇ ಸಮಯ. ಮಳೆ ಬಿದ್ದ ಹೊಸದರಲ್ಲಿ ಚಿಗುರೊಡೆದ ಹೊಲವನ್ನು ಕೆಲವು ವಾರ ಬಿಡುವುದು ಒಳ್ಳೆಯದು, ಆಗ ಗಿಡ ಗೆಡ್ಡೆಯ ಪಿಷ್ಟವನ್ನೇ ಎಲೆಗೆ ಎಳೆದುಕೊಂಡಿರುತ್ತದೆ. ಮುಂದಿನ ನಾಟಿಯ ಕಡ್ಡಿಯನ್ನು ಎಲೆ ಮುದುಡದ, ಹಳದಿ ಮಚ್ಚೆಯಿಲ್ಲದ ಗಿಡಗಳಿಂದ, ಬೆಳೆ ನಿಂತಿರುವಾಗಲೇ ಬಣ್ಣದ ದಾರ ಕಟ್ಟಿ ಗುರುತಿಸಿಕೊಳ್ಳಿ. ಕಿತ್ತು ರಾಶಿ ಹಾಕಿದ ಮೇಲೆ ರೋಗದ ಕಡ್ಡಿಗೂ ಒಳ್ಳೆಯ ಕಡ್ಡಿಗೂ ವ್ಯತ್ಯಾಸ ತಿಳಿಯುವುದಿಲ್ಲ.